ನೊರಜು ಕಣ್ಣಿಗೇ ಯಾಕೆ ಬರುತ್ತದೆ

ಆಗ ಭೂಮಿ ಇನ್ನೂ ಹಸಿಯಾಗಿತ್ತು. ಬೆಟ್ಟಕ್ಕೆ ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಯಾವ ಕಡೆ ಹರಿಯಬೇಕು ಅಂತ ಹೊಳೆಗೆ ಇನ್ನೂ ಪೂರಾ ಗೊತ್ತಿರಲಿಲ್ಲ.

ಜೀವಗಳು ಹುಟ್ಟಿದ್ದವು. ಹೆಸರು ಹುಟ್ಟಿರಲಿಲ್ಲ.

ಹೆಸರಿಡುವ ಕೆಲಸ ಧೂಪದ ಮರಕ್ಕೆ ಬಿತ್ತು. ಕಾಡಿಗೆಲ್ಲ ಹಿರಿಯ ಮರ ಅದು. ಒಂದೊಂದೇ ಜೀವ ಬಂದು ಅದರ ಮುಂದೆ ನಿಲ್ಲಬೇಕು. ಮರ ಚೆನ್ನಾಗಿ ನೋಡಬೇಕು. ಮೈ ಹೇಗಿದೆ, ಕಾಲು ಹೇಗಿದೆ, ಬಣ್ಣ ಏನು, ಎಲ್ಲ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೆಸರು.

ಹೆಸರನ್ನು ಗಾಳಿ ನೆನಪಿಟ್ಟುಕೊಳ್ಳುತ್ತಿತ್ತು. ಗಾಳಿಗೆ ಅದು ಬೇಕಿತ್ತು. ಮಳೆ ಬರುವ ಮುಂಚೆ ಅದು ಕಾಡೆಲ್ಲ ಓಡುತ್ತಿತ್ತು. "ಜಿಂಕೇ, ಮಳೆ ಬಂತು! ದುಂಬೀ, ಮಳೆ ಬಂತು! ಇರುವೇ, ಒಳಗೆ ಹೋಗು!" ಹೆಸರಿದ್ದವರನ್ನು ಕರೆಯುತ್ತಿತ್ತು. ಇಲ್ಲದವರನ್ನು ಏನಂತ ಕರೆಯುವುದು?

ಆ ಕಾಡಿನಲ್ಲಿ ಒಂದು ಸಣ್ಣ ನೊಣ ಇತ್ತು. ಸಾಸಿವೆ ಕಾಳಿನ ಪಕ್ಕ ಕೂತರೆ ಸಾಸಿವೆಯೇ ದೊಡ್ಡದು. ಅದಕ್ಕೊಬ್ಬ ಹೆಂಡತಿ. ಗಂಡನಿಗೂ ಹೆಸರಿಲ್ಲ, ಹೆಂಡತಿಗೂ ಇಲ್ಲ. ಅವರ ಪೈಕಿಯ ಬೇರೆ ನೊಣಗಳಿಗೂ ಇಲ್ಲ. ಇವರು ಇದ್ದಾರೆ ಅಂತಲೇ ಯಾರೂ ನೋಡಿರಲಿಲ್ಲ.

ಮನೆಯೊಳಗೆ ಹೆಸರಿನ ಕೆಲಸ ಬೀಳಲಿಲ್ಲ. ಅವಳು "ಕೇಳಿದ್ರಾ" ಅನ್ನುತ್ತಿದ್ದಳು. ಅವನು "ಇವಳೇ" ಅನ್ನುತ್ತಿದ್ದ. ಅಷ್ಟೇ. ನಿಮ್ಮ ಅಜ್ಜಿಯೂ ನನ್ನನ್ನು ಹಾಗೇ ಕರೆದಳು, ಕೊನೆಯವರೆಗೂ.

ಆ ಹೆಂಡತಿಗೆ ಒಂದು ಅಭ್ಯಾಸ. ಮಾತಾಡುವ ಮುಂಚೆ ಮುಂದಿನ ಎರಡು ಕಾಲು ಉಜ್ಜಿಕೊಳ್ಳುತ್ತಿದ್ದಳು, ಚಳಿಗೆ ನಾವು ಕೈ ಉಜ್ಜುವ ಹಾಗೆ. ಉಜ್ಜಿದಳು ಅಂದರೆ ಅವನಿಗೆ ಗೊತ್ತು, ಏನೋ ಹೇಳುತ್ತಾಳೆ. ಸುಮ್ಮನೆ ಕಾಯುತ್ತಿದ್ದ.

ಒಂದು ಮಳೆಗಾಲ. ಎಲೆಯ ಮಡಿಕೆಯಲ್ಲಿ ಅವರ ಮಕ್ಕಳಿದ್ದವು. ಗಾಳಿ ಬಂತು. ಎಲ್ಲರನ್ನೂ ಕರೆಯಿತು. ಇವರ ಎಲೆಯ ಮೇಲೇ ಹಾದು ಹೋಯಿತು. ಕರೆಯಲಿಲ್ಲ.

ಮಳೆ ಬಿತ್ತು. ಎಲೆ ತುಂಬಿತು. ಒಂದು ಹನಿ ಬಡಿದು ಗಂಡನ ರೆಕ್ಕೆ ಹರಿಯಿತು. ಮಕ್ಕಳು ಉಳಿಯಲಿಲ್ಲ.

ಬೆಳಿಗ್ಗೆ ಅವನು ಗಾಳಿಯನ್ನು ನಿಲ್ಲಿಸಿ ಕೇಳಿದ. "ನಮ್ಮನ್ನು ಯಾಕೆ ಕರೆಯಲಿಲ್ಲ?"

"ನೀವು ಯಾರು?" ಅಂತು ಗಾಳಿ.

ಹಂಗಿಸಿದ್ದಲ್ಲ. ಅದಕ್ಕೆ ನಿಜವಾಗಿಯೂ ಗೊತ್ತಿರಲಿಲ್ಲ.

ಪಕ್ಕದ ಕೆಸರಿನಲ್ಲಿ ಕಪ್ಪೆ ಕೂತಿತ್ತು. ಅದಕ್ಕೆ ನಗು ಬಂತು. "ಬಿಡಯ್ಯ, ಹೆಸರಿಲ್ಲದಿದ್ದರೇ ಒಳ್ಳೇದು. ನಿಮ್ಮವರನ್ನು ನುಂಗಿದ ದಿನ ನಾನು ಏನೂ ತಿಂದೇ ಇಲ್ಲ ಅಂತ ಹೇಳ್ಕೋತೀನಿ. ಕಾಡಿನವರೆಲ್ಲ ನನ್ನನ್ನು ಉಪವಾಸ ಮಾಡೋ ಸ್ವಾಮಿ ಅಂತಾರೆ."

ಹೆಂಡತಿ ಕಾಲು ಉಜ್ಜಿಕೊಂಡಳು. ಅವನು ಕಾದ.

"ಕೇಳಿದ್ರಾ. ಮರದ ಹತ್ತಿರ ಹೋಗೋಣ. ಇನ್ನೊಬ್ಬರ ಮಕ್ಕಳಾದರೂ ಉಳೀಲಿ."

ಇಬ್ಬರೂ ಹೋದರು. ಹರಿದ ರೆಕ್ಕೆಯಲ್ಲಿ ಅವನು ನಿಧಾನ. ಅವಳು ಮುಂದೆ ಹೋಗುವಳು, ನಿಲ್ಲುವಳು. ಮತ್ತೆ ಮುಂದೆ ಹೋಗುವಳು, ನಿಲ್ಲುವಳು.

"ಅಜ್ಜಾ, ನಮಗೂ ಒಂದು ಹೆಸರು ಕೊಡಿ," ಅಂದಳು.

"ಯಾರದು ಮಾತಾಡೋದು?" ಅಂತು ಮರ.

"ಇಲ್ಲಿ. ನಿಮ್ಮ ತೊಗಟೆ ಮೇಲೆ."

"ಓ. ಧೂಳು ಅಂದ್ಕೊಂಡಿದ್ದೆ. ಅಲ್ಲಾಡಬೇಡಿ, ನೋಡ್ತೀನಿ."

ಅಷ್ಟು ಸಣ್ಣ ಮೈ. ಎಲೆ ಉಸಿರಾಡಿದರೂ ಅಲ್ಲಾಡುತ್ತದೆ. ಮರ ನೋಡಿತು. ಮತ್ತೆ ನೋಡಿತು.

"ಕಾಣೋದಿಲ್ಲ ತಾಯಿ. ಕಂಡದ್ದನ್ನೇ ಹೇಳಬೇಕು ನಾನು. ಕಾಣದ್ದಕ್ಕೆ ಇಟ್ಟ ಹೆಸರು ನಿಲ್ಲೋದಿಲ್ಲ."

ಮರದ ಮೈಯಲ್ಲಿ ಒಂದು ಗಾಯ ಇತ್ತು. ಗಾಯದಿಂದ ಅಂಟು ಇಳಿಯುತ್ತಿತ್ತು, ಜೇನಿನ ಬಣ್ಣದ ಅಂಟು.

"ಒಂದು ದಾರಿ ಇದೆ," ಅಂತು ಮರ. "ಒಬ್ಬರು ಈ ಅಂಟಿನ ಮೇಲೆ ಕೂರಬೇಕು. ಅಲ್ಲಾಟ ನಿಲ್ತದೆ. ಅಂಟಿನೊಳಗೆ ಸಣ್ಣದೂ ದೊಡ್ಡದಾಗಿ ಕಾಣ್ತದೆ. ಆಮೇಲೆ ಏಳೋದಕ್ಕೆ ಆಗೋದಿಲ್ಲ. ಮುಂಚೇ ಹೇಳಿದ್ದೀನಿ. ಅಂಟು ಸುರಿಸೋದು ನನಗೆ ಗೊತ್ತು, ವಾಪಸ್ ತಗೊಳ್ಳೋದು ಗೊತ್ತಿಲ್ಲ."

"ನಾನು ಕೂರ್ತೀನಿ," ಅಂದ ಗಂಡ.

"ಆಹಾ, ಎಂಥ ಮಾತು," ಅಂದಳು ಹೆಂಡತಿ. "ನಿಮ್ಮನ್ನು ನೋಡಿ ಮರ ಏನು ಹೇಳ್ತದೆ? ಒಂದೂವರೆ ರೆಕ್ಕೆಯ ಜೀವ ಅಂತ. ಆಮೇಲೆ ನಮ್ಮ ಪೈಕಿಯೆಲ್ಲ ಒಂದೂವರೆ ರೆಕ್ಕೆಯವರೇ ಅಂತ ಗಾಳಿ ನೆನಪಿಟ್ಕೊಳ್ಳಬೇಕಾ? ಎರಡು ರೆಕ್ಕೆಯವರು ಬಂದರೆ, ನೀವು ಯಾರು ಅಂತ ಮತ್ತೆ ಕೇಳ್ತದೆ."

"ಹಾಗಾದರೆ ಹೆಸರೇ ಬೇಡ. ಮನೆಗೆ ಹೋಗೋಣ ನಡಿ."

"ಮನೆ ಎಲ್ಲಿದೆ? ಎಲೆ ಕೊಳೀತು."

ಅವನು ಮಾತಿನಲ್ಲಿ ನಿಧಾನ. ಇನ್ನೊಂದು ಎಲೆ ಹುಡುಕೋಣ ಅನ್ನಬೇಕು ಅಂತ ಹೊಳೆಯಿತು. ಹೊಳೆಯುವಷ್ಟರಲ್ಲಿ ಅವಳು ಇಳಿದು ಕೂತಾಗಿತ್ತು.

ಅಂಟು ಮೆಲ್ಲಗೆ ಏರಿತು. ಮರ ನೋಡಿ ಹೇಳಿತು. "ಕಣ್ಣು ಕೆಂಪು. ಮೈ ಕಪ್ಪು, ಬೆನ್ನಿಗೆ ಬೂದಿ ಬಣ್ಣ. ಕಾಲು ಆರು, ತುದಿ ಹಳದಿ. ರೆಕ್ಕೆ ಎರಡೇ. ರೆಕ್ಕೆಯ ಹಿಂದೆ ಎರಡು ಸಣ್ಣ ಗುಂಡು, ಡೋಲು ಬಡಿಯೋ ಕೋಲಿನ ಹಾಗೆ. ಹೊಟ್ಟೆ ಮೇಲೆ ತೆಳು ಕೂದಲು."

ಎಲ್ಲ ಸರಿಯಾಗಿತ್ತು. ಅವನು ಕೇಳಿದ. ಏನೋ ಬಿಟ್ಟುಹೋಗಿದೆ ಅನಿಸಿತು.

"ಅಜ್ಜಾ, ಇನ್ನೊಂದಿದೆ. ಅವಳು ಮಾತಾಡೋ ಮುಂಚೆ ಕಾಲು ಉಜ್ಜುತ್ತಾಳೆ."

"ನನಗೆ ಕಾಣಲಿಲ್ಲವಲ್ಲಪ್ಪ," ಅಂತು ಮರ. ಅದರ ದನಿ ಸಣ್ಣಗಾಗಿತ್ತು. "ಕಾಣದ್ದನ್ನು ಹೇಗೆ ಹೇಳಲಿ? ಇವಳ ಹೆಸರು ನೊರಜು. ನಿಮ್ಮ ಪೈಕಿಯೆಲ್ಲ ಇನ್ನು ನೊರಜು."

ಅವನು ಅವಳ ಕಾಲನ್ನೇ ನೋಡಿದ. ಅಂಟು ಕಾಲನ್ನು ಹಿಡಿದಿತ್ತು. ಅವಳಿಗೆ ಏನಾದರೂ ಹೇಳುವುದಿತ್ತೋ, ಇರಲಿಲ್ಲವೋ. ಗೊತ್ತಾಗಲಿಲ್ಲ. ಅವನು ಕಾದ. ಅಂಟು ಅವಳ ತಲೆಯ ಮೇಲೆ ಮುಚ್ಚಿಕೊಂಡಿತು. ಅವನು ಆಮೇಲೂ ಕಾದ.

ಸಂಜೆ ಗಾಳಿ ಬಂತು. "ನೊರಜೇ, ಮಳೆ ಬಂತು!" ಅಂತು. ಅವನ ಪೈಕಿಯವರೆಲ್ಲ ಮಕ್ಕಳನ್ನು ಎಬ್ಬಿಸಿಕೊಂಡು ಎಲೆಯ ಅಡಿಗೆ ಓಡಿದರು. "ನಮ್ಮನ್ನು ಕರೀತು! ನಮ್ಮನ್ನೂ ಕರೀತು!" ಅಂತ ಕುಣಿದರು. ಒಂದು ಮಗುವೂ ಸಾಯಲಿಲ್ಲ.

ಅವನು ಮರದ ಮೇಲೇ ಕೂತಿದ್ದ.

"ನೊರಜೇ, ನಿನ್ನನ್ನೇ ಕರೆದದ್ದು," ಅಂತು ಗಾಳಿ.

"ನನ್ನ ಹೆಸರು ಅದಲ್ಲ."

"ಮತ್ತೇನು?"

'ಕೇಳಿದ್ರಾ' ಅನ್ನುವುದು ಹೆಸರಲ್ಲ. ಅದನ್ನು ಅನ್ನುವವಳು ಒಬ್ಬಳೇ ಇದ್ದಳು.

ಅಂಟು ಗಟ್ಟಿಯಾಯಿತು. ಒಳಗೆ ಅವಳು ಕಾಣುತ್ತಿದ್ದಳು, ಹೊಳಪಿನ ನಡುವೆ ಕಪ್ಪಗೆ. ಬೆಳಗಾದರೆ ಅವನು ಅದರ ಮೇಲೆ ಕೂರುತ್ತಿದ್ದ. ಕಾಣುತ್ತಾಳಲ್ಲ, ಸಾಕು, ಅಂದುಕೊಳ್ಳುತ್ತಿದ್ದ. ಸಾಕಾಗುತ್ತಿರಲಿಲ್ಲ.

ಅದೂ ಉಳಿಯಲಿಲ್ಲ. ದೊಡ್ಡ ಮಳೆಯಲ್ಲಿ ತೊಗಟೆ ಕಳಚಿತು. ಅಂಟಿನ ಉಂಡೆ ಹೊಳೆಗೆ ಬಿತ್ತು. ಹೊಳೆ ತೆಗೆದುಕೊಂಡು ಹೋಯಿತು.

ಅವನು ದಡದಗುಂಟ ಹಾರಿದ. ಕೂಗಬೇಕು. ಏನಂತ ಕೂಗುವುದು? "ನೊರಜೇ" ಅಂದರೆ ಪೈಕಿಯೆಲ್ಲ ತಿರುಗಿ ನೋಡಿತು. "ಇವಳೇ" ಅಂದ. "ಇವಳೇ, ಇವಳೇ" ಅಂದ. ನೀರಿನ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ.

"ಅಮ್ಮಾ, ಎಲ್ಲಿ ಬಿಟ್ಟೆ?" ಅಂತ ಹೊಳೆಯನ್ನು ಕೇಳಿದ.

"ನನಗೇನು ಗೊತ್ತು ತಮ್ಮಾ. ಹೊತ್ತದ್ದನ್ನು ನೋಡ್ತಾ ನಿಲ್ಲೋಳಲ್ಲ ನಾನು. ಒದ್ದೆಯಾಗಿ ಹೊಳೆಯೋ ಕಡೆ ನೋಡು. ಇದ್ದರೆ ಅಲ್ಲೇ ಇರ್ತಾಳೆ."

ದಡದಲ್ಲಿ ಜಿಂಕೆ ನೀರು ಕುಡಿಯುತ್ತಿತ್ತು. ತಲೆ ಎತ್ತಿತು. ಅದರ ಮುಖದಲ್ಲಿ ಜೇನಿನ ಬಣ್ಣದ್ದು ಒಂದು, ಒದ್ದೆಯಾಗಿ ಹೊಳೆಯಿತು. ನಡುವೆ ಕಪ್ಪಗೆ ಏನೋ. ಅವನು ಹಾರಿ ಹೋಗಿ ಅಲ್ಲೇ ಸುತ್ತಿದ.

ಜಿಂಕೆ ತಲೆ ಒದರಿತು. "ಏಯ್, ಅದು ನನ್ನ ಕಣ್ಣು ಮಾರಾಯ!"

"ಒಳಗೆ ಅವಳಿದ್ದಾಳೆ."

"ಯಾರೂ ಇಲ್ಲ. ಅದು ಕಣ್ಣಿನ ಪಾಪೆ. ಎಲ್ಲರ ಕಣ್ಣಲ್ಲೂ ಇರ್ತದೆ."

"ಎಲ್ಲರ ಕಣ್ಣಲ್ಲೂ?" ಅಂದ ಅವನು.

ಜಿಂಕೆ ಸಮಾಧಾನಕ್ಕೆ ಹೇಳಿದ ಮಾತು. ಅವನಿಗೆ ಸಮಾಧಾನ ಆಗಲಿಲ್ಲ. ಹಾಗಾದರೆ ಯಾವುದಾದರೂ ಒಂದರಲ್ಲಿ ಅವಳಿರಬೇಕು ಅಂತ ಎಮ್ಮೆಯ ಕಣ್ಣಿಗೆ ಹೋದ. ನಾಯಿಯ ಕಣ್ಣಿಗೆ ಹೋದ. ಮನುಷ್ಯರು ಹುಟ್ಟಿದ ಮೇಲೆ ಮನುಷ್ಯರ ಕಣ್ಣಿಗೂ ಬಂದ. ಎಲ್ಲೂ ಅವಳು ಕಾಲು ಉಜ್ಜಲಿಲ್ಲ.

ಹುಡುಕುತ್ತಲೇ ಸತ್ತ. ಯಾವ ಕಣ್ಣಿನ ಮುಂದೆ ಸತ್ತನೋ. ರೆಪ್ಪೆ ಬಡಿದಿರಬಹುದು, ಅಷ್ಟೇ.

ಅವನ ಪೈಕಿಯ ಮಕ್ಕಳು ಅವನನ್ನು ನೋಡಿಯೇ ಬೆಳೆದಿದ್ದವು. ನೊರಜು ಅಂದರೆ ಹೀಗೇ ಮಾಡಬೇಕು ಅಂದುಕೊಂಡವು. ಯಾರನ್ನು ಹುಡುಕುವುದು ಅಂತ ಹೇಳುವವನು ಇರಲಿಲ್ಲ. ಈಗಿನವಕ್ಕೆ ಹುಡುಕುವುದು ಮಾತ್ರ ಗೊತ್ತು.

ಅದಕ್ಕೇ ಮಗಾ, ಸಂಜೆ ನೀನು ಹಿತ್ತಿಲಲ್ಲಿ ಕೂತರೆ ನೊರಜು ಬಂದು ನಿನ್ನ ಕಣ್ಣಿನ ಮುಂದೆಯೇ ಸುತ್ತುತ್ತದೆ. ಕೈ ಬೀಸಿದರೆ ಆಚೆ ಹೋಗಿ ಮತ್ತೆ ಬರುತ್ತದೆ, ಈ ಕಣ್ಣು ಮುಚ್ಚಿದರೆ ಆ ಕಣ್ಣಿಗೆ ಹೋಗುತ್ತದೆ.