ಓಡುವ ಮೊಲ ನಿಂತು ಕಿವಿಗೊಡುವುದೇಕೆ

"ಅಜ್ಜಿ, ಸ್ಲೋ ಅನ್ನೋದು ಸ್ಲೋಲಿ ಆಗತ್ತೆ, ಸಾಫ್ಟ್ ಅನ್ನೋದು ಸಾಫ್ಟ್‌ಲಿ ಆಗತ್ತೆ. ಫಾಸ್ಟ್‌ಗೆ ಮಾತ್ರ ಲಿ ಯಾಕೆ ಬರಲ್ಲ?" ಇಂಗ್ಲಿಷ್ ಪುಸ್ತಕ ಹಿಡಿದು ನಾನು ಕೇಳಿದ್ದೆ. ಕಡಲೆಕಾಯಿ ಸುಲಿಯುತ್ತಿದ್ದ ತಿರುಮಲಜ್ಜಿ ನನ್ನ ಬಾಯಿಗೊಂದು ಬೀಜ ಇಟ್ಟು ಹೇಳಿದ ಕತೆ ಇದು. ಆ ದನಿ ಈಗಿಲ್ಲ. ಕತೆ ಇದೆ.

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಮಾತುಗಳು ತೀರಾ ಕಡಿಮೆ. ಹರಿ ಅಂದರೆ ಹೊಳೆ ಹರಿಯುತ್ತಿತ್ತು. ನಡೆ ಅಂದರೆ ಆಮೆ ನಡೆಯುತ್ತಿತ್ತು. ಬೀಸು ಅಂದರೆ ಗಾಳಿ ಬೀಸುತ್ತಿತ್ತು. ಹೇಗೆ ಅಂತ ಹೇಳುವ ಮಾತು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಚೆಲುವಿ ಎಂಬ ತಾಯಿ ತನ್ನ ಕೂಸನ್ನು ಆಲದ ಕೊಂಬೆಗೆ ಬಳ್ಳಿಯಲ್ಲಿ ತೂಗುಹಾಕಿದ ತೊಟ್ಟಿಲಲ್ಲಿ ಮಲಗಿಸಿದ್ದಳು. ಸೆಕೆಗೆ ಕೂಸು ಅಳತೊಡಗಿತು.

"ಗಾಳಿಯಣ್ಣ, ಬೀಸಪ್ಪ," ಅಂದಳು.

ಗಾಳಿ ತನಗೆ ಗೊತ್ತಿದ್ದಂತೆ ಬೀಸಿತು. ತೊಟ್ಟಿಲು ಹೋಗಿ ಮರಕ್ಕೆ ಬಡಿಯಿತು. ಬಳ್ಳಿಯ ಎಳೆ ಕಿತ್ತುಬಂತು.

"ನಿಲ್ಲು!" ಅಂದಳು. ನಿಂತಿತು. ಕೂಸು ಬೆವೆತು ಮತ್ತೆ ಅತ್ತಿತು. "ಬೀಸು!" ಅಂದಳು. ಇನ್ನೊಂದು ಎಳೆ ಕಿತ್ತುಬಂತು.

"ಹೀಗಲ್ಲ ಅಣ್ಣ, ಬೇರೆ ಥರ!"

"ಯಾವ ಥರ ತಂಗಿ? ನೀನು ಹೇಳಿದರೆ ತಾನೇ ನನಗೆ ಗೊತ್ತಾಗೋದು?"

ಹೇಳಲು ಮಾತಿರಲಿಲ್ಲ. ಚೆಲುವಿ ಕೂಸನ್ನು ಎದೆಗವಚಿಕೊಂಡು, ಅದರ ಹಣೆಯ ಹತ್ತಿರ ತುಟಿ ತಂದು ಉಸಿರು ಬಿಟ್ಟಳು. "ಮೆಲ್ಲ..." ಅಂದಿತು ಬಾಯಿ. ಉಸಿರು ಮುಗಿಯುವಾಗ "ನೆ" ಅಂತ ಇಳಿಯಿತು. ಕೂಸಿನ ಅಳು ನಿಂತಿತು.

"ಓಹೋ, ಮೆಲ್ಲನೆ!" ಅಂದಿತು ಗಾಳಿ. ಮೆಲ್ಲನೆ ಬೀಸಿತು. ಎಲೆಗಳು ಅಲುಗಿದವು. ಕೂಸು ನಿದ್ದೆಹೋಯಿತು.

ಸುದ್ದಿ ಕಾಡೆಲ್ಲ ಹಬ್ಬಿತು. "ನಮಗೂ ಒಂದು ಮಾತು ಕೊಡವ್ವ," ಅಂತ ಎಲ್ಲರೂ ಬಂದರು. ಚೆಲುವಿ ಹೊಳೆಗೆ ಜುಳುಜುಳನೆ ಕೊಟ್ಟಳು. ಹಾವಿಗೆ ಸರಸರನೆ ಕೊಟ್ಟಳು. ಮಿಂಚಿಗೆ ಫಳ್ಳನೆ. ಮೊಗ್ಗು ಏನನ್ನೂ ಕೇಳಲಿಲ್ಲ, ಅದಕ್ಕೆ ಸುಮ್ಮನೆ ಸಿಕ್ಕಿತು.

ಅಷ್ಟರಲ್ಲಿ ಮೊಲ ಏದುಸಿರು ಬಿಡುತ್ತಾ ಬಂತು. ಹಿಂದೆಯೇ ನರಿ.

"ಅವ್ವ, ನರಿ ಬಂತು! ನನ್ನ ಮಾತು ಕೊಡು!"

"ಬೇಗ..." ಅಂದಳು ಚೆಲುವಿ. ಅಷ್ಟು ಕೇಳಿದ್ದೇ ತಡ, ಮೊಲ ನೆಗೆದು ಓಡಿತು.

"ಇನ್ನೂ ಇದೆ ನಿಲ್ಲೋ, ಮಗಾ!" ಚೆಲುವಿ ಕೂಗಿದಳು. ಮೊಲ ಆಗಲೇ ಪೊದೆ ಸೇರಿತ್ತು. ಜೀವ ಉಳಿಯಿತು. ಮಾತಿನ ಕೊನೆಯ "ನೆ" ಮಾತ್ರ ಚೆಲುವಿಯ ಬಾಯಲ್ಲೇ ಉಳಿಯಿತು.

"ಅದಕ್ಕೇ ನಾವು ಬೇಗ ಬಾ ಅಂದರೂ ನಡೆಯತ್ತೆ, ಬೇಗನೆ ಬಾ ಅಂದರೂ ನಡೆಯತ್ತೆ," ಅಂದಳು ಅಜ್ಜಿ. "ಇಂಗ್ಲಿಷಿನವರ ಮೊಲ ಇನ್ನೂ ದೂರ ಓಡಿಬಿಡ್ತು ಕಣೋ. ಫಾಸ್ಟ್‌ಗೆ ಲಿ ಸಿಗಲೇ ಇಲ್ಲ."

ಹೊಲದ ಬದುವಿನ ಮೇಲೆ ಓಡುತ್ತಿರುವ ಮೊಲ ಇದ್ದಕ್ಕಿದ್ದಂತೆ ನಿಂತು ಎರಡೂ ಕಿವಿ ನಿಮಿರಿಸುವುದನ್ನು ನೀವೂ ನೋಡಿರಬಹುದು. ಅವ್ವ ಕೂಗಿ ಹೇಳಹೊರಟ ಆ "ನೆ" ಎಲ್ಲಾದರೂ ಕೇಳಿಸೀತೇ ಎಂದು ಅದು ಇವತ್ತಿಗೂ ಆಲಿಸುತ್ತದೆ.