‘ಇದ್ರು’ ಅಂದಿದ್ದಷ್ಟೇ

"ಇಲ್ಲಪ್ಪ, ನಾನು ಸತ್ತಿಲ್ಲ," ಅಂದ್ರು ಗುರುಗಳು.

ಯಾರೂ ಕೇಳಿರ್ಲಿಲ್ಲ. ಶಿಷ್ಯ ತಿಪ್ಪೇಶ ಆಗತಾನೇ ಸಂಗೀತಾಶ್ರಮದ ಕೋಣೆಗೆ ನುಗ್ಗಿ, ಬಾಗಿಲು ಹಾಕಿ, ಕಪ್ಪು ಕನ್ನಡಕ ತೆಗೀತಿದ್ದ. ಬಾಯಿ ತೆರೆದಿದ್ದ ಅಷ್ಟೇ, ಮಾತಿನ್ನೂ ಹೊರಟಿರ್ಲಿಲ್ಲ.

"ಅಡ್ಡ ಬೀಳ್ತೀನಿ ಗುರುಗಳೇ..."

"ಬೀಳು. ಸತ್ತೋರ ಕಾಲು ತಣ್ಣಗಿರುತ್ತಂತೆ. ಮುಟ್ಟಿ ನೋಡು."

ಮುಟ್ಟಿದ. ಬೆಚ್ಚಗಿತ್ತು.

ವಿಷಯ ಏನಪ್ಪಾ ಅಂದ್ರೆ, ತಿಪ್ಪೇಶ ಈಗ ಸ್ಟಾರು. ‘ಹಾಡು ಹುಲಿ’ ಅನ್ನೋ ಟೀವಿ ಶೋನಲ್ಲಿ ಫೈನಲ್‌ಗೆ ಬಂದಿದ್ದಾನೆ. ಚಾನೆಲ್‌ನೋರು ಹೆಸರಲ್ಲಿದ್ದ ತಿಪ್ಪೆ ಗುಡಿಸಿ ‘ಟಿ-ಪೇಶ್’ ಮಾಡಿದ್ದಾರೆ. ಕಿವಿಗೆ ಓಲೆ, ಕೂದಲಿಗೆ ನೀಲಿ. ಗುರುಗಳು ಅದಕ್ಕೆಲ್ಲ ಏನೂ ಅಂದಿರ್ಲಿಲ್ಲ. ಪಾಪ್ ಹಾಡಿದ್ರೂ ಶ್ರುತೀಲಿದ್ದಾನಲ್ಲ ಅಂತ ತೊಡೆ ತಟ್ಟಿ ತಾಳ ಹಾಕಿದ್ರು.

ನಿನ್ನೆ ಸೆಂಟಿಮೆಂಟ್ ರೌಂಡು. ಇಡೀ ಆಶ್ರಮ ಟೀವಿ ಮುಂದೆ. ಗುರುಗಳ ಕೈಲಿ ಉಪ್ಪಿಟ್ಟಿನ ತಟ್ಟೆ.

ತಿಪ್ಪೇಶ ಮೈಕ್ ಹಿಡಿದು, "ನನಗೊಬ್ಬ ಗುರು ಇದ್ರು..." ಅಂದ.

ಹಿಂದೆ ದೊಡ್ಡ ಪರದೇಲಿ ಗುರುಗಳ ಫೋಟೋ. ಫೋಟೋಗೆ ಹಾರ. ಪಕ್ಕದಲ್ಲಿ ದೀಪ. ಜಡ್ಜುಗಳೆಲ್ಲ ಗೊಳೋ ಅಂತ ಅತ್ರು.

ಉಪ್ಪಿಟ್ಟು ಗುರುಗಳ ಬಾಯಲ್ಲೇ ಉಳೀತು.

"ಸತ್ರು ಅಂತ ನಾನೆಲ್ಲಿ ಹೇಳ್ದೆ ಗುರುಗಳೇ? ‘ಇದ್ರು’ ಅಂದೆ. ಅಷ್ಟೇ. ಹಾರ ಹಾಕಿದ್ದು ಡೈರೆಕ್ಟ್ರು," ಅಂದ ತಿಪ್ಪೇಶ ಈಗ, ಕಾಲು ಬಿಟ್ಟು ಎದ್ದು.

"ಕಣ್ಣೀರು?"

"ಗ್ಲಿಸರಿನ್ನು."

"ಅದೂ ಸ್ವಂತದ್ದಲ್ವೇನೋ?"

"ಎದುರಾಳಿ ಹುಡುಗಿಗೆ ನಿಜವಾಗ್ಲೂ ಅಪ್ಪ ಇಲ್ಲ. ಅವಳಿಗೆ ಓಟಿನ ಸುರಿಮಳೆ. ನಮ್ಮನೇಲಿ ನೋಡಿದ್ರೆ ಎಲ್ರೂ ಗಟ್ಟಿಮುಟ್ಟು! ನಾನೇನ್ ಮಾಡ್ಲಿ, ಹೇಳಿ?"

ತಿಪ್ಪೇಶ ಇನ್ನೂ ಹತ್ತಿರ ಸರಿದು ದನಿ ತಗ್ಗಿಸ್ದ.

"ಒಂದೇ ಒಂದು ಉಪಕಾರ ಮಾಡಿ. ಭಾನುವಾರ ಫೈನಲ್. ಅಲ್ಲೀವರೆಗೂ ಹೊರಗೆ ಬರ್ಬೇಡಿ. ಯಾರಾದ್ರೂ ನಿಮ್ಮನ್ನ ನೋಡಿದ್ರೆ ನನ್ನ ಕಥೆ ಮುಗೀತು. ಗೆದ್ದ ಮೇಲೆ ನಾನೇ ನಿಜ ಹೇಳ್ತೀನಿ."

"ಅಂದ್ರೆ ಸೋಮವಾರ ಎದ್ದು ಬರ್ಲಾ?"

"ಹೂಂ, ಸೋಮವಾರ ಆದ್ರೆ ತೊಂದ್ರೆ ಇಲ್ಲ."

ಗುರುಗಳು ಮೂಲೇಲಿದ್ದ ತಂಬೂರಿ ತಂದು ಅವನ ಮುಂದೆ ಇಟ್ರು.

"ಇಲ್ಲಿನ ಪದ್ಧತಿ ಗೊತ್ತಲ್ಲ? ಗುರು ಹೋದ್ರೆ ಶಿಷ್ಯ ತನ್ನ ಕೈಯಾರೆ ತಂತಿ ಸಡಿಲ ಮಾಡ್ಬೇಕು. ಮಾಡು, ನೋಡೋಣ."

ತಿಪ್ಪೇಶ ಮೊದಲ ‘ಸಾ’ ಹಿಡಿದಿದ್ದು ಆ ತಂಬೂರಿ ಪಕ್ಕ ಕೂತೇ. ಗುರುಗಳು ಕಾದ್ರು. ಅಳ್ತಾನೆ, ಆಗಲ್ಲ ಅಂತಾನೆ ಅಂತ.

ತಿಪ್ಪೇಶ ಫೋನಲ್ಲಿ ಟೈಮ್ ನೋಡ್ಕೊಂಡ. ಬಿರಡೆ ಹಿಡಿದು ತಿರುಗಿಸ್ದ. ಗೊಂಯ್ ಅಂತ ಒಂದು ತಂತಿ ಇಳೀತು. ಇನ್ನೊಂದು. ಆಮೇಲೆ ಎಲ್ಲಾನೂ.

"ಆಯ್ತು ಗುರುಗಳೇ. ಇನ್ನೇನಾದ್ರೂ ಇದ್ಯಾ?"

ಗುರುಗಳು ಬೆಚ್ಚಿಬಿದ್ರು. ಟೀವೀಲಿ ತಮ್ಮ ಫೋಟೋಗೆ ಹಾರ ನೋಡ್ದಾಗ್ಲೂ ಹಿಂಗೆ ಬೆಚ್ಚಿರ್ಲಿಲ್ಲ. ಜೋಲುಬಿದ್ದ ತಂತಿಗಳನ್ನೇ ನೋಡ್ತಾ ನಿಂತ್ರು. ಆಮೇಲೆ ಚಪ್ಪಲಿ ಮೆಟ್ಕೊಂಡ್ರು.

"ಗುರುಗಳೇ! ಎಲ್ಲಿಗೆ? ಪೇಟೆಯಿಂದ ಹೂವಿನ ಪುಟ್ಟಕ್ಕ ಹಾರ ತಗೊಂಡು ಬರ್ತಿದ್ದಾಳೆ, ದಾರೀಲಿ ನಾನೇ ನೋಡ್ದೆ! ನಿಮಗೇ ತರ್ತಿರೋದು! ನಿಮ್ಮನ್ನ ನೋಡ್ಬಿಡ್ತಾಳೆ ಗುರುಗಳೇ!"

ಗುರುಗಳು ಹೊರಗೆ ಹೋದ್ರು. ಬಾಗಿಲು ಎಳ್ಕೊಂಡ್ರು.

ಆಚೆಯಿಂದ ಪುಟ್ಟಕ್ಕ ಕಿರುಚಿದ್ದು ಕೇಳಿಸ್ತು. "ಅಯ್ಯಯ್ಯೋ! ಬದುಕಿದ್ದೀರಾ? ಹಂಗಾದ್ರೆ ಈ ಹಾರ ಯಾರಿಗೆ ಸ್ವಾಮೀ?"

"ಇಲ್ಲಿ ಕೊಡಮ್ಮ. ನನಗೊಬ್ಬ ಶಿಷ್ಯ ಇದ್ದ."