ಸಾಕಮ್ಮನ ಮುಕ್ಕಾಲಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಇದ್ದ ಕಾಲ ಅಂತಿಟ್ಕೋ, ಒಂದೂರಲ್ಲಿ ಈರಾಜಮ್ಮ ಅಂತ ಒಬ್ಬಳು ಬಡಗಿ ಇದ್ದಳಂತೆ. ಹೆಂಗಸು ಬಡಗೀನಾ ಅಂತ ನಗಬೇಡ ಕಣೋ, ಗಂಡ ತೀರಿಕೊಂಡ ಮೇಲೆ ಅವನ ಬಾಚಿ, ಉಳಿ ತಾನೇ ಹಿಡಿದು, ಹಿತ್ತಲ ಚಪ್ಪರದಲ್ಲಿ ತೊಟ್ಟಿಲು ಮಾಡಿ ಹತ್ತೂರಿಗೆ ಕೊಡೋಳಂತೆ. ಜೊತೆಗೆ ಅವಳ ವಾರಗಿತ್ತಿ ಸಾಕಮ್ಮ, ಅವಳೂ ಗಂಡನ್ನ ಕಳಕೊಂಡೋಳೇ, ಇನ್ನು ನಾಲ್ಕಾರು ಜನ ಆಳುಗಳು. ಈರಾಜಮ್ಮ ನಿಂತುಕೊಂಡು ಮರ ಕೆತ್ತೋಳು, ಸಾಕಮ್ಮ ಮಿಕ್ಕೋರ ಜೊತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತಿಕ್ಕಿ ನುಣುಪು ಮಾಡಿ ಬಣ್ಣ ಬಳಿಯೋಳು.

ಒಂದಿನ ಸಾಕಮ್ಮ, ಅಕ್ಕಾ, ಮಂಡಿ ಹಿಡ್ಕೊಳ್ತಾವೆ, ಉಳಿದ ಮರದಲ್ಲಿ ಒಂದೊಂದು ಮುಕ್ಕಾಲಿ ಮಾಡ್ಕೊಂಡ್ರೆ ಎಲ್ರೂ ಕೂತು ಕೆಲಸ ಮಾಡಬಹುದು ಅಂದಳಂತೆ. ಪಾಳೇಗಾರರ ತೊಟ್ಟಿಲು ಮುಗೀಲಿ ತಡಿಯೇ ಅಂದಳಂತೆ ಈರಾಜಮ್ಮ. ಅದು ಮುಗೀತು, ಆಮೇಲೆ ಇನ್ನೊಂದ್ಸಲ ಕೇಳಿದರೆ, ಸುಗ್ಗಿ ಕಳೀಲಿ ಅಂದಳಂತೆ. ಸುಗ್ಗೀನೂ ಕಳೀತು. ಮೂರನೇ ಸಲ ಸಾಕಮ್ಮ ಕೇಳಲೇ ಇಲ್ಲ, ತಾನೇ ಒಂದು ತುಂಡು ಎತ್ಕೊಂಡು ತೂತು ಕೊರೀತಿದ್ದಳಂತೆ. ಈರಾಜಮ್ಮ ಅದನ್ನ ಕಿತ್ತುಕೊಂಡು ಒಲೆಗೆ ಎಸೆದು, ನಿನಗೆ ಕೂತು ಉಣ್ಣೋ ಆಸೆ ಬಂದೈತಲ್ಲೇ ಅಂತ ಎಲ್ಲರೆದುರು ಅಂದುಬಿಟ್ಟಳಂತೆ.

ಸಾಕಮ್ಮ ಕೈ ತೊಳೆದು, ಸೀರೆ ಗಂಟು ಕಟ್ಟಿ, ತೌರಿಗೆ ಹೊರಟೇ ಹೋದಳಂತೆ.

ಆಮೇಲೆ ಅವಳ ಕೆಲಸ ಯಾರು ಮಾಡ್ತಾರೆ? ಈರಾಜಮ್ಮನೇ ಹೋಗಿ ಅವಳ ಜಾಗದಲ್ಲಿ ಕೂತಳಂತೆ. ಹೊತ್ತು ಇಳಿಯೋ ಹೊತ್ತಿಗೆ ಏಳೋಕೆ ಹೋದರೆ ಮಂಡಿ ಬಿಡಿಸೋಕೇ ಆಗಲಿಲ್ಲವಂತೆ, ತೆವಳಿಕೊಂಡು ಹೋಗಿ ಕಂಬ ಹಿಡಿದು ಎದ್ದಳಂತೆ. ಅಯ್ಯೋ, ನನಗೆ ಒಂದು ದಿನಕ್ಕೇ ಹಿಂಗಾಯ್ತು, ಸಾಕಮ್ಮ ವರ್ಷಗಟ್ಟಲೆ ಹೆಂಗೆ ತಡ್ಕೊಂಡಳೋ ಅಂತ ಕಂಬಕ್ಕೆ ಹಣೆ ಒರಗಿಸಿ ಅತ್ತಳಂತೆ.

ಮಾರನೇ ದಿನವೇ ಮುಕ್ಕಾಲಿ ಮಾಡೋಕೆ ಕೂತಳು. ಮೊದಲನೇದಕ್ಕೆ ಗಿಳಿ, ಬಳ್ಳಿ ಎಲ್ಲ ಕೆತ್ತಿದಳು, ಕೂತರೆ ಚುಚ್ಚೋದಂತೆ. ಎರಡನೇದು ಎತ್ತರವಾಗಿ, ತೊಟ್ಟಿಲ ಕಾಲಿಗೆ ಕೈಯೇ ಎಟುಕಲಿಲ್ಲವಂತೆ. ಆಮೇಲೆ ಸಾಕಮ್ಮ ಹೆಂಗೆ ಕೂರ್ತಿದ್ದಳು, ಕೈ ಎಲ್ಲಿವರೆಗೆ ಚಾಚ್ತಿದ್ದಳು ಅಂತ ನೆನೆಸಿಕೊಂಡು, ಹಲಸಿನ ಹಲಗೆಗೆ ಓರೆಯಾಗಿ ಮೂರು ತೂತು ಕೊರೆದು, ಮೂರು ಕಾಲು ಬಡಿದು, ಬರೀ ಸಾದಾ ಮುಕ್ಕಾಲಿ ಒಂದು ಮಾಡಿದಳಂತೆ. ಏರುತಗ್ಗಿನ ಮಣ್ಣು ನೆಲದಲ್ಲೂ ಅದು ಅಲುಗಾಡಲಿಲ್ಲವಂತೆ.

ಇಷ್ಟೆಲ್ಲ ಆಗೋ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವಂತೆ. ಅದನ್ನ ತಲೆ ಮೇಲೆ ಹೊತ್ಕೊಂಡು ಸಾಕಮ್ಮನ ತೌರಿಗೆ ನಡೆದಳು. ಸಾಕಮ್ಮ ಜಗಲಿ ಅಂಚಲ್ಲಿ ಕಾಲು ನೀಡಿಕೊಂಡು ಅವರೆಕಾಯಿ ಸುಲೀತಿದ್ದಳಂತೆ, ಪಕ್ಕದಲ್ಲಿ ಊರುಗೋಲು.

ನಿನಗೇ ಅಂತ ಮಾಡ್ದೆ ಕಣೇ, ಕೂತು ನೋಡು ಅಂದಳಂತೆ ಈರಾಜಮ್ಮ.

ಸಾಕಮ್ಮ ಹಲಗೆ ಮೇಲೆ ಕೈಯಾಡಿಸಿ, ಚೆನ್ನಾಗೈತೆ ಅಕ್ಕಾ, ಆದರೆ ಇಷ್ಟು ತಗ್ಗಿಗೆ ನನ್ನ ಮಂಡಿ ಈಗ ಬಗ್ಗಲ್ಲ, ಅವತ್ತಾಗಿದ್ರೆ ಇದು ಸರಿಹೋಗ್ತಿತ್ತು ಅಂದಳಂತೆ. ಕೋಪ ಇಲ್ಲ, ಕೊಂಕಿಲ್ಲ, ಇದ್ದದ್ದು ಇದ್ದಂಗೆ.

ಈರಾಜಮ್ಮ ಅವಳ ಕಾಲ ಹತ್ತಿರ ಕುಸಿದು, ತಪ್ಪಾಯ್ತು ಕಣೇ, ಕೆಲಸಕ್ಕೆ ಕರೀತಿಲ್ಲ, ಮನೆಗೆ ಬಾ ಅಂದಳಂತೆ. ಸಾಕಮ್ಮ ಮಡಿಲಲ್ಲಿದ್ದ ಸಿಪ್ಪೆ ಕೊಡವಿ, ನಡೆಯೋಕಾಗಲ್ಲ, ಗಾಡಿ ಕಟ್ಟಿಸ್ತೀಯಾ ಅಂತ ಕೇಳಿದಳಂತೆ.

ಆಮೇಲೆ ಗಾಡೀಲಿ ಕರ್ಕೊಂಡು ಬಂದು, ಚಪ್ಪರದಲ್ಲಿದ್ದೋರಿಗೆಲ್ಲ ಒಂದೊಂದು ಮುಕ್ಕಾಲಿ, ಸಾಕಮ್ಮನಿಗೆ ಮಾತ್ರ ಒರಗೋ ಹಂಗೆ ಎತ್ತರದ ಕುರ್ಚಿ ಮಾಡಿಕೊಟ್ಟಳಂತೆ. ವಾರಗಿತ್ತಿಯರು ಒಂದೇ ಒಲೇಲಿ ಬೇಯಿಸಿ ಉಂಡು, ನಕ್ಕೊಂಡು ಬಾಳಿದರಂತೆ. ಮರದ ತುಂಡು ಒಲೆಗೆ ಎಸೆದ ದಿನದ ಮಾತನ್ನ ಸಾಕಮ್ಮ ಸಾಯೋವರೆಗೂ ಎತ್ತಲಿಲ್ಲವಂತೆ. ಒಂದ್ಸಲ ಬೈದಿದ್ರೆ ನನ್ನ ಎದೆ ಹಗುರಾಗ್ತಿತ್ತು ಅಂತ ಈರಾಜಮ್ಮ ಒಬ್ಬಳೇ ಇದ್ದಾಗ ಅಂದ್ಕೊಳ್ತಿದ್ದಳಂತೆ.

ಅಷ್ಟೇ ಕಣೋ ಕಂದ, ಕತೆ ಅಲ್ಲಿಗೆ ಮುಗೀತು, ಅವರು ಅಲ್ಲೇ ಸುಖವಾಗಿದ್ದಾರೆ, ನೀನು ಇಲ್ಲಿ ಮಗ್ಗಲಿಗೆ ಹೊರಳಿ ಮಲಗು.